ಈಗಲೇ ತೆರೆಯೋದಾ, ಪೂರ್ತಿ ಆದ ಮೇಲಾ?

ಮನೆಯಲ್ಲೇ ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ಮಾರುವವರು ವೆಬ್‌ಸೈಟ್ ಮಾಡಿಸಿದರೆ ಎದುರಿಗೆ ಎರಡು ದಾರಿ. ನಾಲ್ಕು ಪುಟ ಆದ ಕೂಡಲೇ ತೆರೆಯುವುದು, ಇಲ್ಲವೇ ಕಾರ್ಟ್, ಆನ್‌ಲೈನ್ ಪಾವತಿ ಎಲ್ಲ ಮುಗಿಸಿ ತೆರೆಯುವುದು.

ನನ್ನ ಓಟು ಮೊದಲನೆಯದಕ್ಕೆ. ಗೂಗಲ್ ಹೊಸ ಸೈಟನ್ನು ಗುರುತು ಹಿಡಿಯಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಆ ಕಾಯುವಿಕೆ ಬೇಗ ಶುರುವಾದಷ್ಟೂ ಲಾಭ. ಆರ್ಡರ್ ವಾಟ್ಸಾಪ್‌ನಲ್ಲಿ, ಹಣ ಯುಪಿಐನಲ್ಲಿ ಬರಲಿ. ‘ಕಾಲು ಕೆಜಿ ಸಿಗುತ್ತಾ?’, ‘ಬೆಳ್ಳುಳ್ಳಿ ಹಾಕಿದ್ದೀರಾ?’ ಅಂತ ಜನ ಕೇಳುತ್ತಾರೆ. ಐದನೇ ಪುಟದಲ್ಲಿ ಏನು ಬರೆಯಬೇಕು ಅಂತ ಆಗ ತಾನೇ ಗೊತ್ತಾಗುತ್ತದೆ, ಅಲ್ವಾ? ‘ಶೀಘ್ರದಲ್ಲೇ ಬರಲಿದೆ’ ಅನ್ನುವ ಖಾಲಿ ಪುಟ ಮಾತ್ರ ಬೇಡ.

ಕಾರ್ಡ್ ಪಾವತಿ ಮೊದಲ ದಿನವೇ ಬೇಕು ಅಂದರೆ ಎರಡನೇ ದಾರಿಯೇ ಗತಿ. ಕಾರ್ಡ್ ಹಣವನ್ನು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಂಪನಿಯವರು ರೀಫಂಡ್ ನಿಯಮ, ಪ್ರೈವಸಿ ಪಾಲಿಸಿ, ಸಂಪರ್ಕದ ಪುಟ ನೋಡಿಯೇ ಒಪ್ಪುವುದು.

ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಎರಡರಲ್ಲೂ ಇರಲಿ. ಗೂಗಲ್‌ಗೆ ‘ಈ ಸೈಟ್ ತೋರಿಸಬೇಡ’ ಅನ್ನುವ ‘ನೋಇಂಡೆಕ್ಸ್’ ಸೂಚನೆ ತೆಗೆದಿದ್ದೀರಾ ಅಂತ ಸೈಟ್ ಮಾಡಿದವರನ್ನೂ ಕೇಳಿ. ನಾನು ಒಮ್ಮೆ ಅದನ್ನು ಮರೆತು, ಎರಡು ವಾರ ಗೂಗಲ್‌ನಲ್ಲಿ ಸುಮ್ನೆ ನನ್ನ ಸೈಟನ್ನೇ ಹುಡುಕಿದ್ದೆ!

ತೆರೆಯುವ ಹಿಂದಿನ ರಾತ್ರಿ ವೈಫೈ ಆಫ್ ಮಾಡಿ, ಫೋನನ್ನು ಅಮ್ಮನ ಕೈಗೆ ಕೊಡಿ. ಒಂದು ಪ್ಯಾಕೆಟ್ ಆರ್ಡರ್ ಮಾಡಲಿ. ಅವರು ‘ಈಗೆಲ್ಲಿ ಒತ್ತಬೇಕು?’ ಅಂದರೆ, ಇನ್ನೊಂದು ವಾರ ತಡೆಯಿರಿ.