ಹಳೆ ಜೀಪಿಗೆ ಐದು ಗೇರು: ಹಾಸನದ ಗ್ಯಾರೇಜಿನ ಕೆಲಸ ಹೇಗಿದೆ?

ಅಪ್ಪನ ಕಾಲದ ಮಹೀಂದ್ರಾ ಜೀಪಿಗೆ ಹಾಸನದ ಸಣ್ಣ ಗ್ಯಾರೇಜಿನಲ್ಲಿ ಐದು ಗೇರಿನ ಬಾಕ್ಸ್ ಹಾಕಿಸಿದೆ. ಕೆಲಸ ಅಚ್ಚುಕಟ್ಟಾಗಿದೆ.

ಹೊಸ ಬಾಕ್ಸ್ ಉದ್ದ ಜಾಸ್ತಿ. ಗೇರ್ ಲಿವರ್ ಹಿಂದಕ್ಕೆ ಬಂತು, ಚಾಸಿಯ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ, ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಬಾಕ್ಸಿಗೆ ಅಡ್ಡ ಬಂತು. ಕೆಲವರು ಅದನ್ನು ಸುಮ್ನೆ ಕತ್ತರಿಸಿ ಬಿಡುತ್ತಾರೆ. ಚಾಸಿಯ ಎರಡೂ ಬದಿಯನ್ನು ಹಿಡಿದಿಡುವುದೇ ಅದು, ಅಲ್ವಾ? ಇವರು ಕೆಳಕ್ಕೆ ಬಾಗಿದ ಹೊಸದನ್ನು ಮಾಡಿ, ಹಿಂದಕ್ಕೆ ಕೂರಿಸಿ ಬೋಲ್ಟ್ ಹಾಕಿದರು. ತೂತು ಕೊರೆದದ್ದು ಚಾಸಿಯ ಪಕ್ಕದ ಮೈಯಲ್ಲಿ ಮಾತ್ರ. ಹೆಚ್ಚು ಒತ್ತಡ ಬೀಳುವ ಮೇಲಿನ, ಕೆಳಗಿನ ಅಂಚನ್ನು ಮುಟ್ಟಲೇ ಇಲ್ಲ. ಅದನ್ನು ನೋಡಿಯೇ ನನಗೆ ನಂಬಿಕೆ ಬಂದದ್ದು. ಚಕ್ರಗಳ ಕಡೆಗೆ ಎಂಜಿನ್ ಶಕ್ತಿ ಒಯ್ಯುವ ತಿರುಗುವ ದಂಡಗಳಲ್ಲಿ (ಪ್ರೊಪೆಲ್ಲರ್ ಶಾಫ್ಟ್) ಹಿಂದಿನದನ್ನು ಗಿಡ್ಡ ಮಾಡಿಸಿ, ಮುಂದಿನದನ್ನು ಉದ್ದ ಮಾಡಿಸಿ, ಬ್ಯಾಲೆನ್ಸ್ ಕೂಡ ಮಾಡಿಸಿದರು.

ಎರಡನೇ ಗೇರಿಗೆ ಎಳೆದಾಗ ಲಿವರ್ ಸೀಟಿಗೆ ತಾಗುವುದಿಲ್ಲ. ಸಕಲೇಶಪುರದ ರಸ್ತೆಯಲ್ಲಿ ಎಂಜಿನ್ ಕಿರುಚಾಟವೂ ಕಡಿಮೆಯಾಗಿದೆ. ಆದರೆ ಲಿವರ್ ಬುಡದ ರಬ್ಬರ್ ತೀರಾ ತೆಳು, ಬಿಸಿ ಮತ್ತು ಧೂಳು ಒಳಗೆ ಬರುತ್ತವೆ. ಹೇಳಿದ ದಿನಕ್ಕೆ ಗಾಡಿ ಕೈಗೆ ಸಿಗಲಿಲ್ಲ.

ಮಾಡಿಸುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಗಾಡಿಯ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಡಿವಾಣ ಹಾಕುತ್ತದೆ.