ನೀರಿಗೆ ಮೂರೂ ಪಾಸು, ಬಯಲಿಗೆ ಬಂದಾಗ ಕಥೆ ಬೇರೆ

ಮೊದಲು ಮಾಡಿದ್ದು ಬಕೆಟ್ ಪರೀಕ್ಷೆ. ಹಾಡು ಹಾಕಿ, ತಂದಿದ್ದ ಮೂರು ವಾಟರ್‌ಪ್ರೂಫ್ ಬ್ಲೂಟೂತ್ ಸ್ಪೀಕರ್‌ಗಳನ್ನೂ ಒಂದೊಂದಾಗಿ ನೀರಿಗೆ ಬಿಟ್ಟೆ. ದುಡ್ಡು ಕೊಟ್ಟು ತಂದದ್ದನ್ನು ನಮ್ಮ ಕೈಯಾರೆ ಮುಳುಗಿಸುವುದಕ್ಕೆ ಮನಸ್ಸು ಒಪ್ಪೋದಿಲ್ಲ ಅಲ್ವಾ, ನನಗೂ ಹಾಗೇ ಆಯಿತು. ಪುಟ್ಟದು ತೇಲಿತು. ಉಳಿದ ಎರಡು ಕಲ್ಲಿನ ಹಾಗೆ ತಳ ಸೇರಿದವು, ಸೇರಿದ ಕೂಡಲೇ ಹಾಡೂ ನಿಂತಿತು. ಕೆಟ್ಟೇ ಹೋಯಿತು ಅಂದುಕೊಂಡೆ. ಮೇಲೆತ್ತಿದರೆ ಮತ್ತೆ ಹಾಡತೊಡಗಿತು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ, ಅವನ್ನು ನೀರು ನುಂಗಿಬಿಡುತ್ತದೆ, ಅಷ್ಟೇ ವಿಷಯ. ಆದರೆ ಆಮೇಲಿನ ಐದು ನಿಮಿಷ ಮೂರರ ದನಿಯೂ ಬಾಯ್ತುಂಬ ನೀರು ತುಂಬಿಕೊಂಡು ಮಾತಾಡಿದ ಹಾಗಿತ್ತು. ಬಟ್ಟೆಯ ಜಾಲರಿಯೊಳಗೆ ನಿಂತ ನೀರು ಇಳಿದ ಮೇಲೆ ಎಲ್ಲಾ ಸರಿಹೋಯಿತು.

ಇವಕ್ಕೆ ನಾನು ಇಟ್ಟ ಹೆಸರುಗಳು ಪುಟಾಣಿ, ಕೊಳವೆ, ಡಬ್ಬ. ಪುಟಾಣಿ ಅಂಗೈಯಗಲ ಇರೋದು, ಚೀಲಕ್ಕೆ ಕೊಕ್ಕೆಯಲ್ಲಿ ಸಿಕ್ಕಿಸಬಹುದು, ಕಾಲು ಕಿಲೋ ತೂಕ. ಕೊಳವೆ ನೀರಿನ ಬಾಟಲಿಯಷ್ಟು, ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಡಬ್ಬಕ್ಕೆ ಹಿಡಿ ಇದೆ, ಮೂರು ಕಿಲೋ ತೂಗುತ್ತದೆ. ಕಂಪನಿ ಹೆಸರು ಬೇಕಾಗಿಯೇ ಬಿಟ್ಟಿದ್ದೇನೆ. ದೊಡ್ಡ ಕಂಪನಿಗಳು ಹೆಚ್ಚುಕಡಿಮೆ ಈ ಮೂರೂ ಆಕಾರದಲ್ಲಿ ಮಾಡುತ್ತವೆ, ಆಯ್ಕೆಯಲ್ಲಿ ತಲೆಕೆಡುವುದು ಆಕಾರ ಯಾವುದು ಅನ್ನೋದರಲ್ಲೇ.

ಪ್ಯಾಕಿಂಗ್ ಪೆಟ್ಟಿಗೆಯ ಮೇಲಿನ ಅಕ್ಷರಗಳ ಬಗ್ಗೆ ಒಂದು ಮಾತು. ನನ್ನ ಪುಟಾಣಿ, ಕೊಳವೆ ಎರಡೂ ಐಪಿ67, ಡಬ್ಬ ಮಾತ್ರ ಐಪಿಎಕ್ಸ್7. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 6 ಅಂದರೆ ಧೂಳು ಒಳಗೆ ಹೋಗೋದೇ ಇಲ್ಲ. 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಎಕ್ಸ್ ಇದ್ದರೆ ಸೊನ್ನೆ ಅಂತಲ್ಲ, ಧೂಳಿನ ವಿಚಾರದಲ್ಲಿ ಕಂಪನಿ ಏನೂ ಹೇಳುತ್ತಿಲ್ಲ ಅಂತ. ಜನ ಎಡವೋದು ಇನ್ನೊಂದು ಕಡೆ. 7 ಇದೆ ಅಂದ ಮಾತ್ರಕ್ಕೆ 5 ಮತ್ತು 6 ಕೂಡ ಪಾಸಾಗಿದೆ ಅಂತ ಅರ್ಥವಲ್ಲ. ಆ ಎರಡು ಪೈಪಿನಿಂದ ರಭಸವಾಗಿ ನೀರು ಹಾಯಿಸುವ ಪರೀಕ್ಷೆಗಳು. ಹಾಗಾಗಿ ಬಕೆಟ್ಟಿನಲ್ಲಿ ಮುಳುಗಿ ಬದುಕಿದ ಸ್ಪೀಕರ್‌ಗೆ ಜೋರು ಪೈಪು ಹಿಡಿದು ತೊಳೆಯಲು ಹೋಗಬೇಡಿ. ಪರೀಕ್ಷೆ ನಡೆಯೋದು ಸಿಹಿನೀರಿನಲ್ಲಿ, ಉಪ್ಪುನೀರು, ಸೋಪಿನ ನೀರು, ಈಜುಕೊಳದ ಕ್ಲೋರಿನ್ ಲೆಕ್ಕಕ್ಕಿಲ್ಲ. ಸಮುದ್ರದ ಹತ್ತಿರ ಎರಡು ದಿನ ಇಟ್ಟುಕೊಂಡಿದ್ದ ಕೊಳವೆಯ ತುದಿಗಳ ಮೇಲೆ ಬಿಳಿ ಉಪ್ಪಿನ ಪದರ ಕೂತಿತ್ತು. ಅದನ್ನು ನಿಧಾನಕ್ಕೆ ಸಿಹಿನೀರು ಸುರಿದು ತೊಳೆದೆ.

ಇಷ್ಟರ ಮಟ್ಟಿಗೆ ಮೂರೂ ಸಮ. ನೀರು ನೋಡಿ ಆರಿಸೋಣ ಅಂತ ಹೊರಟವನಿಗೆ ನೀರಿನಿಂದ ಏನೂ ತೀರ್ಮಾನವಾಗಲಿಲ್ಲ. ತೀರ್ಮಾನ ಮಾಡಿದ್ದು ಬಯಲು.

ಪುಟಾಣಿ ಕೋಣೆಯಲ್ಲಿ ಎಷ್ಟು ಚೆನ್ನಾಗಿ ಹಾಡಿತ್ತು ಅಂದರೆ, ಇನ್ನೆರಡು ಸುಮ್ನೆ ತಂದೆನಾ ಅಂತ ಅನಿಸಿತ್ತು. ಅದನ್ನೇ ನದಿ ದಂಡೆಯ ಮೇಲೆ ಇಟ್ಟಾಗ ತಬಲಾದ ಬಾಯಾ, ಅಂದರೆ ಗುಂ ಅನ್ನುವ ಎಡಗಡೆಯದು, ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಬರೀ ಬಲಗಡೆಯ ದಾಯಾದ ಟಕಟಕ ಕೇಳುತ್ತಿತ್ತು. ಕೋಣೆಯಲ್ಲಿ ಗೋಡೆ, ಸೂರು, ನೆಲ ಎಲ್ಲವೂ ಸದ್ದನ್ನು ವಾಪಸ್ ಕೊಡುತ್ತವೆ, ಅದರಲ್ಲೂ ತಗ್ಗಿನ ಸ್ವರಗಳಿಗೆ ಅವುಗಳ ಆಸರೆ ಜಾಸ್ತಿ. ಬಯಲಿನಲ್ಲಿ ಆ ಆಸರೆ ಇಲ್ಲ, ಹೋದ ಸದ್ದು ಹೋದದ್ದೇ. ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರ್ ದೂರದಲ್ಲಿ ಚೆನ್ನಾಗಿ ಕೇಳುವ ಸ್ಪೀಕರ್ ಎಂಟು ಮೀಟರಿಗೆ 12 ಡೆಸಿಬೆಲ್ ಕಡಿಮೆ, ಕಿವಿಗೆ ಅರ್ಧಕ್ಕಿಂತಲೂ ಕಡಿಮೆ ಅನಿಸುವಷ್ಟು. ಅದರ ಮೇಲೆ ನದಿಯ ಮೊರೆತ ಬೇರೆ. ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೇಳುವುದಾದರೆ ಪುಟಾಣಿಗೆ ಸಮ ಇಲ್ಲ. ನಾಲ್ಕು ಜನ ಸುತ್ತ ಕೂತರೆ ಅದರ ಕೈಯಲ್ಲಾಗೋದಿಲ್ಲ.

ಡಬ್ಬ ಹೊರಗೆ ನಿಜಕ್ಕೂ ರಾಜ. ಇಪ್ಪತ್ತು ಹೆಜ್ಜೆ ಆಚೆ ಹೋದರೂ ಬಾಯಾ ಗುಂ ಅನ್ನುತ್ತಿತ್ತು. ಇದಕ್ಕೆ ವಾಟ್ ಕಾರಣ ಅಂದುಕೊಳ್ಳಬೇಡಿ. ವಾಟ್ ಎರಡು ಪಟ್ಟು ಮಾಡಿದರೆ ಸಿಗೋದು ಬರೀ 3 ಡೆಸಿಬೆಲ್, ಅದು ಸ್ವಲ್ಪ ಜೋರು ಅಷ್ಟೇ. ಡಬ್ಬ ಗೆಲ್ಲುವುದು ಅದುರಿ ಸದ್ದು ಹೊರಡಿಸುವ ದೊಡ್ಡ ಕೋನಿನಿಂದ (ಸ್ಪೀಕರಿನ ಶಂಕುವಿನಿಂದ), ಒಳಗಿರುವ ಜಾಗದಿಂದ. ಹಾಗಾಗಿ ಸಣ್ಣ ಸ್ಪೀಕರ್ ಮೇಲೆ ದೊಡ್ಡ ವಾಟ್ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಆದರೆ ಅಷ್ಟು ದೂರ ಹೋಗುವ ಸದ್ದು ನಮಗೊಬ್ಬರಿಗೇ ಕೇಳೋದಿಲ್ಲವಲ್ಲ. ಆಚೆ ದಡದಲ್ಲಿ ಸುಮ್ಮನೆ ಕೂತಿದ್ದವರು ಎರಡು ಸಲ ತಿರುಗಿ ನೋಡಿದ ಮೇಲೆ ನಾನೇ ತಗ್ಗಿಸಿದೆ. ತಗ್ಗಿಸಿದ ಮೇಲೆ ಅದು ಮೂರು ಕಿಲೋ ತೂಕದ ಕೊಳವೆ ಆಯಿತು!

ತೂಕವೂ ಸಣ್ಣ ವಿಷಯವಲ್ಲ. ಒಂದು ಸಲ ಎರಡು ಕಿಲೋಮೀಟರ್ ಗುಡ್ಡ ಹತ್ತುವಾಗ ಒಯ್ದೆ, ಎಷ್ಟು ಸಲ ಕೈ ಬದಲಿಸಿದೆನೋ ಲೆಕ್ಕವಿಲ್ಲ. ಗಾಡಿ ಹೋಗುವ ಜಾಗಕ್ಕೆ ಮಾತ್ರ ಅದು.

ಡಬ್ಬದ ಇನ್ನೊಂದು ತಕರಾರು ಚಾರ್ಜಿಂಗ್ ಕಿಂಡಿಯದು. ಅದಕ್ಕೆ ರಬ್ಬರ್ ಮುಚ್ಚಳ ಇದೆ, ಅದರ ಒಳಗೇ ಫೋನ್ ಚಾರ್ಜ್ ಮಾಡುವ ಕಿಂಡಿಯೂ ಇದೆ. ಒಂದು ಸಂಜೆ ಫೋನ್ ಚಾರ್ಜಿಗೆ ಹಾಕಿ ತೆಗೆದವನು ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿದೆ, ಒಂದು ಮೂಲೆ ಮಾತ್ರ ಕೂತಿರಲಿಲ್ಲ. ರಾತ್ರಿ ಮಳೆ. ಮಾರನೇ ವಾರ ನೋಡಿದರೆ ಕಿಂಡಿಯೊಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು, ಕೇಬಲ್ ಓರೆ ಮಾಡಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ತಪ್ಪು ನನ್ನದೇ ಅನ್ನಿ. ಆದರೂ ಮುಚ್ಚಳ ಮುಚ್ಚಿದ್ದರೆ ಮಾತ್ರ ವಾಟರ್‌ಪ್ರೂಫ್ ಅನ್ನೋದು ಮಳೆ ಬಿದ್ದ ಕತ್ತಲಲ್ಲಿ ಯಾರಿಗೆ ನೆನಪಿರುತ್ತದೆ? ಕೊಳವೆಯ ಕಿಂಡಿಗೆ ಮುಚ್ಚಳವೇ ಇಲ್ಲ, ಕಿಂಡಿಯನ್ನೇ ಒಳಗಿನಿಂದ ಸೀಲ್ ಮಾಡಿದ್ದಾರೆ. ಇದು ನನಗೆ ತುಂಬ ಹಿಡಿಸಿತು. ಆದರೆ ಒದ್ದೆ ಕಿಂಡಿಗೆ ಕೇಬಲ್ ಹಾಕಿದರೆ ಅದರ ಪಿನ್ನೂ ಕಿಲುಬು ಹಿಡಿಯುತ್ತದೆ, ಬುಡಮೇಲು ಮಾಡಿ ಒಣಗಿಸಿಯೇ ಹಾಕಬೇಕು.

ಕೊಳವೆಯ ಎರಡು ತುದಿಯಲ್ಲೂ ರಬ್ಬರಿನ ತಟ್ಟೆಗಳಿವೆ, ಪ್ಯಾಸಿವ್ ರೇಡಿಯೇಟರ್ ಅನ್ನುತ್ತಾರೆ. ಅವಕ್ಕೆ ಕರೆಂಟ್ ಬೇಡ, ಒಳಗಿನ ಗಾಳಿ ದೂಡಿದ ಹಾಗೆ ಅದುರುತ್ತವೆ. ನೀರಿನಿಂದ ತೆಗೆದ ಕೂಡಲೇ ತಗ್ಗಿನ ಸ್ವರ ಬಂದಾಗಲೆಲ್ಲ ತಟ್ಟೆಯ ಮೇಲಿನ ಹನಿಗಳು ಎಗರಿ ಬೀಳೋದು ನೋಡಲಿಕ್ಕೆ ಚೆಂದ. ಬಯಲಿನಲ್ಲಿ ಇದರ ದನಿಯೂ ತೆಳುವಾಯಿತು, ಪುಟಾಣಿಯಷ್ಟಲ್ಲ. ಆಮೇಲೆ ಅದನ್ನು ದೊಡ್ಡ ಬಂಡೆಯ ಬುಡಕ್ಕೆ ಒತ್ತಿಟ್ಟೆ. ಅರ್ಧ ಬಾಯಾ ವಾಪಸ್ ಬಂತು! ಬಂಡೆಯೇ ಗೋಡೆಯ ಕೆಲಸ ಮಾಡಿತು. ಮರಳಿನ ಮೇಲೆ ಮಾತ್ರ ಇಡಬೇಡಿ, ಸಣ್ಣ ಹರಳುಗಳು ಜಾಲರಿಯೊಳಗೆ ಕೂತು ಚರಚರ ಅನ್ನುತ್ತವೆ. ಧೂಳಿಗೆ 6 ಇದ್ದರೂ ಅಷ್ಟೇ, ಆ ಅಂಕಿ ಹೇಳೋದು ಒಳಗಿನ ಯಂತ್ರದ ಮಾತು, ಹೊರಗಿನ ಬಟ್ಟೆಯದಲ್ಲ. ಒಂದು ಕೊರತೆ ಇದೆ. ಇದರ ಮುಖ ಒಂದೇ ಕಡೆಗೆ, ಬೆನ್ನ ಹಿಂದೆ ಕೂತವರಿಗೆ ಹಾಡಿನ ಮಾತು ಸ್ಪಷ್ಟ ಕೇಳೋದಿಲ್ಲ.

ಬ್ಯಾಟರಿ ವಿಷಯದಲ್ಲಿ ಮೂರೂ ಸುಳ್ಳು ಹೇಳಲಿಲ್ಲ, ಪೂರ್ತಿ ನಿಜವನ್ನೂ ಹೇಳಲಿಲ್ಲ. ಕೊಳವೆಯ ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ 12 ಗಂಟೆ ಅಂತ ಇತ್ತು. ಮನೆಯಲ್ಲಿ ಅರ್ಧ ವಾಲ್ಯೂಮಿಗೆ ಹತ್ತಿರ ಹತ್ತಿರ ಅಷ್ಟು ಬಂತು. ಹೊರಗೆ ಅರ್ಧ ವಾಲ್ಯೂಮ್ ಯಾರಿಗೂ ಸಾಲುವುದಿಲ್ಲ, ಮುಕ್ಕಾಲಿಗೆ ಏರಿಸಿದೆ, ಐದೂವರೆ ಗಂಟೆಯಲ್ಲೇ ಮಲಗಿತು. ಪುಟಾಣಿಯನ್ನು ಹೊರಗೆ ಪೂರ್ತಿ ಏರಿಸಲೇಬೇಕು, ಮೂರು ಗಂಟೆ ದಾಟಲಿಲ್ಲ. ಡಬ್ಬ ಮಾತ್ರ ಇಡೀ ರಾತ್ರಿ ನಡೆಯಿತು.

ಒದ್ದೆ ಕೈಯಲ್ಲಿ ಗುಂಡಿ ಒತ್ತೋದು ಮೂರರಲ್ಲೂ ಸಲೀಸು. ಫೋನ್ ಹಿಂದಿನ ಜೇಬಿನಲ್ಲಿದ್ದು ಸ್ಪೀಕರ್ ಎದುರಿಗಿದ್ದರೆ ಮೂರೂ ತಡವರಿಸುತ್ತವೆ. ನಮ್ಮ ಮೈಯಲ್ಲಿರೋದೂ ಜಾಸ್ತಿ ನೀರೇ ಅಲ್ವಾ.

ಇವತ್ತು ಮತ್ತೆ ತೆಗೆದುಕೊಳ್ಳಬೇಕಾದರೆ ಒಂದು ಡಬ್ಬದ ಬದಲು ಒಂದೇ ಮಾದರಿಯ ಎರಡು ಕೊಳವೆ ತರುತ್ತೇನೆ. ಗೆಳೆಯರ ಕೊಳವೆಯನ್ನು ನನ್ನದಕ್ಕೆ ಜೋಡಿಸಿ, ಗುಂಪಿನ ಆ ತುದಿಗೊಂದು ಈ ತುದಿಗೊಂದು ಇಟ್ಟು ನೋಡಿದ್ದೇನೆ. ಯಾರೂ ದೂರದಲ್ಲಿಲ್ಲದ ಕಾರಣ ವಾಲ್ಯೂಮ್ ಅರ್ಧ ಸಾಕಾಯಿತು, ಬೆನ್ನ ಹಿಂದಿನವರ ತಕರಾರೂ ಮುಗಿಯಿತು, ಆಚೆ ದಡಕ್ಕೂ ಹೋಗಲಿಲ್ಲ. ಜೋಡಿಸುವ ಮೊದಲು ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡಿಕೊಳ್ಳಿ. ಬೇರೆ ಬೇರೆ ಕಂಪನಿಯವು ಸಾಮಾನ್ಯವಾಗಿ ಸೇರೋದಿಲ್ಲ, ಒಂದೇ ಕಂಪನಿಯ ಹಳೆಯದೂ ಹೊಸದೂ ಸೇರದಿರುವುದೂ ಉಂಟು.

ಸದ್ಯಕ್ಕೆ ಕೊಳವೆ ಚೀಲದ ಹೊರಜೇಬಿನಲ್ಲೇ ಇರುತ್ತದೆ. ಮುಳುಗುವ ಜಾತಿ ಆದ್ದರಿಂದ ಅದಕ್ಕೊಂದು ಕಿತ್ತಳೆ ಬಣ್ಣದ ದಾರ ಕಟ್ಟಿದ್ದೇನೆ. ಕಟ್ಟಿದ ಮೇಲೆ ಒಮ್ಮೆಯೂ ನೀರಿಗೆ ಬಿದ್ದಿಲ್ಲ, ಆ ದಾರ ಕಾಲಿಗೆ ಸಿಕ್ಕಿ ನಾನೇ ಎರಡು ಸಲ ಬಿದ್ದಿದ್ದೇನೆ.