ಕರಿಯನ ಜರ್ಮನಿ ಕಾಗದ: ಶಿವಮೊಗ್ಗದ ಪ್ರಾಣಿ ಕ್ಲಿನಿಕ್‌ಗೆ ಐದಕ್ಕೆ ನಾಲ್ಕು ಸ್ಟಾರ್

ಕ್ಲಿನಿಕ್ ಹೆಸರು ಬರೆಯುವುದಿಲ್ಲ, ಕಾರಣ ಕೊನೆಗೆ ಹೇಳ್ತೀನಿ. ಶಿವಮೊಗ್ಗ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹತ್ತು ನಿಮಿಷ, ಎರಡೇ ರೂಮು.

ನಮ್ಮ ಕರಿಯ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದ ನಾಟಿ ನಾಯಿ. ನಮ್ಮನೆಯವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಇವನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. "ಮುಂದಿನ ತಿಂಗಳು ಹೊರಡ್ತೀವಿ ಸರ್, ಒಂದು ಸರ್ಟಿಫಿಕೇಟ್ ಕೊಡಿ" ಅಂದೆ. ಡಾಕ್ಟರು ಗೋಡೆಯ ಕ್ಯಾಲೆಂಡರ್ ಕಳಚಿ ಟೇಬಲ್ ಮೇಲಿಟ್ಟು ದಿನ ಎಣಿಸತೊಡಗಿದರು.

ಮೊದಲು ಚಿಪ್, ಅಂದರೆ ಚರ್ಮದಡಿ ಕೂರಿಸುವ ಗುರುತಿನ ನಂಬರು, ಆಮೇಲೆ ರೇಬೀಸ್ ಚುಚ್ಚುಮದ್ದು. ಚಿಪ್ ಇಲ್ಲದೆ ಊರಲ್ಲಿ ಹಾಕಿಸಿದ್ದ ಚುಚ್ಚುಮದ್ದು ಯುರೋಪಿನವರ ಲೆಕ್ಕಕ್ಕೇ ಇಲ್ಲವಂತೆ! ಮತ್ತೆ ಹಾಕಿಸಿ, 30 ದಿನ ಕಳೆದ ಮೇಲೆ ರಕ್ತ ತೆಗೆದು ಅವರು ಒಪ್ಪಿದ ಲ್ಯಾಬಿಗೇ ಕಳಿಸಬೇಕು, ರೇಬೀಸ್ ತಡೆಯುವ ಪ್ರತಿಕಾಯ ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ ಬರಬೇಕು, ಬಂದರೂ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ನಮ್ಮನೆಯವರು ಮೊದಲೇ ಹೋದರು. ನಾನೂ ಕರಿಯನೂ ಮಳೆಗಾಲ ಪೂರ್ತಿ ಇಲ್ಲೇ.

ಚಿಪ್ ಅಂದರೆ ಅಕ್ಕಿ ಕಾಳಿನಷ್ಟು, ಸೂಜಿ ಮಾತ್ರ ದಪ್ಪ. ನಾನು ಕಣ್ಣು ಮುಚ್ಚಿಕೊಂಡೆ, ಅವನಿಗೆ ಡಾಕ್ಟರ ಕೈಲಿದ್ದ ಬಿಸ್ಕತ್ತಿನದೇ ಚಿಂತೆ. ಕಿವಿ ಸಂದಿಯ ಉಣುಗನ್ನೂ ಒಂದೊಂದಾಗಿ ಹೆಕ್ಕಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ದಾರಿಗೆ ನಿದ್ದೆ ಔಷಧಿ ಕೇಳಿದ್ದಕ್ಕೆ ಮಾತ್ರ ಬೈದರು. ವಿಮಾನದಲ್ಲಿ ಉಸಿರಾಟಕ್ಕೇ ತೊಂದರೆಯಾಗಬಹುದಂತೆ. ಅದರ ಬದಲು ಬೋನನ್ನು ಈಗಲೇ ತಂದು ರೂಢಿ ಮಾಡಿಸಿ ಅಂದರು. ಒಳಗೆ ತಲೆ ತಾಗದೆ ನಿಲ್ಲಬೇಕು, ಸಲೀಸಾಗಿ ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟು ದೊಡ್ಡದು. ಜಗಲಿಯಲ್ಲಿ ಬಾಗಿಲು ತೆಗೆದಿಟ್ಟು ನನ್ನ ಹಳೇ ಸೀರೆ ಹಾಸಿದೆ. ಎರಡು ವಾರ ಹತ್ತಿರವೂ ಸುಳಿಯಲಿಲ್ಲ. ಒಂದು ರಾತ್ರಿ ಸಿಡಿಲು, ಕರೆಂಟಿಲ್ಲ, ಹುಡುಕಿ ಹುಡುಕಿ ಸಾಕಾಗಿ ಟಾರ್ಚ್ ಬಿಟ್ಟರೆ ಬೋನಿನೊಳಗೆ ಸೀರೆಗೆ ಮೂತಿ ತೂರಿಸಿ ಮಲಗಿದ್ದಾನೆ.

ಇನ್ನು ಕಡಿದ ಆ ಒಂದು ಸ್ಟಾರ್. ಕಾಗದ ಬರೆಯುವ ಹುಡುಗ 15 ಅಂಕಿಯ ಚಿಪ್ ನಂಬರಿನಲ್ಲಿ 1 ಇದ್ದದ್ದನ್ನು 7 ಮಾಡಿದ್ದ. ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಹೊರಡುವ ಹಿಂದಿನ ರಾತ್ರಿ, ಸುಮ್ನೆ ಚಿಪ್ ನಂಬರಿನ ಸ್ಟಿಕರ್ ಪಕ್ಕಕ್ಕಿಟ್ಟು ನೋಡಿದಾಗ ಕಣ್ಣಿಗೆ ಬಿತ್ತು. ಅಲ್ಲಿ ಕೊಡುವ ಸರ್ಟಿಫಿಕೇಟ್ ಹಿಡಿದು 10 ದಿನದೊಳಗೆ ಯುರೋಪ್ ಮುಟ್ಟಬೇಕು, ಟಿಕೆಟ್ ಬೇರೆ ಆಗಿದೆ, ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಫೋನ್ ಮಾಡಿದೆ. ಡಾಕ್ಟರು ಬೆಳಗ್ಗೆ ಆರೂವರೆಗೇ ಬಂದು ಬಾಗಿಲು ತೆಗೆದು, ಕರಿಯನ ಕುತ್ತಿಗೆಗೆ ಸ್ಕ್ಯಾನರ್ ಹಿಡಿದು, ಅಂಕಿ ಜೋರಾಗಿ ಓದುತ್ತಾ ಹೊಸ ಕಾಗದ ಬರೆದುಕೊಟ್ಟರು. ರೈಲು ತಪ್ಪಿತು, ಬಸ್ಸಿಗೆ ಹೋದೆವು.

ಹುಡುಗ ಹೊಸಬ, ಅವನ ಕೆಲಸಕ್ಕೆ ಕುತ್ತು ಬರುವುದು ಬೇಡ ಅಂತ ಹೆಸರು ಬರೆಯಲಿಲ್ಲ. ನೀವು ಎಲ್ಲೇ ಮಾಡಿಸಿ, ನಂಬರ್ ಮಾತ್ರ ಅಲ್ಲೇ ನಿಂತು ಓದಿಸಿ. ಅಂದ ಹಾಗೆ, ಭಾನುವಾರ ಅಲ್ಲಿ ರಜಾ.